ಅಂಕಿ ಬೇಕೋ, ಹಿಡಿಕೆ ಬೇಕೋ: ಅಪರೂಪದ ಘಟನೆಯ ಲೆಕ್ಕಕ್ಕೆ ಯಾವ ವಿಧಾನ ಆರಿಸಬೇಕು?

ಗುಲ್ಬರ್ಗಾ ವಿಶ್ವವಿದ್ಯಾಲಯ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ, ಎಲ್ಲಿಯ ಸಂಶೋಧನಾ ವಿದ್ಯಾರ್ಥಿಯಾದರೂ ಈ ವಿಷಯಕ್ಕೆ ಬಂದಾಗ ಕೇಳುವುದು ಒಂದೇ: ಹಿಂಡಿನಿಂದ ರೋಗ ತಾನಾಗಿ ಅಳಿಯುವುದು, ಜೀವಕೋಶದೊಳಗೆ ಒಂದು ಜೀನ್ ಸ್ವಿಚ್ ಇದ್ದಕ್ಕಿದ್ದಂತೆ ಮಗುಚಿಕೊಳ್ಳುವುದು, ಇಂಥ ಅಪರೂಪದ ಘಟನೆಯನ್ನು ಲೆಕ್ಕ ಹಾಕಲು ಯಾವ ವಿಧಾನ ಹಿಡಿಯಲಿ? ಒಂದೊಂದು ಘಟನೆಯನ್ನೂ ಆಕಸ್ಮಿಕವಾಗಿ ನಡೆಸುತ್ತಾ ಹೋಗುವ ಗಿಲೆಸ್ಪಿ ಸಿಮ್ಯುಲೇಷನ್ ಸಾಕೇ? ಪ್ರತಿ ಸ್ಥಿತಿಯ ಸಂಭವನೀಯತೆ ಹೇಗೆ ಬದಲಾಗುತ್ತದೆ ಎಂದು ಹೇಳುವ ಮಾಸ್ಟರ್ ಸಮೀಕರಣವನ್ನೇ ಬಿಡಿಸಲೇ? ಇಂಪಾರ್ಟೆನ್ಸ್ ಸ್ಯಾಂಪ್ಲಿಂಗ್ (ದರ ತಿರುಚಿ ಓಡಿಸುವುದು), ಸ್ಪ್ಲಿಟಿಂಗ್ (ದಾರಿಯನ್ನು ತುಂಡು ಮಾಡುವುದು), ಡಬ್ಲ್ಯುಕೆಬಿ (ಘಟನೆ ನಡೆಯುವ ಅತಿ ಸಂಭವನೀಯ ದಾರಿಯನ್ನು ಲೆಕ್ಕದಿಂದ ಹುಡುಕುವುದು), ಇವುಗಳಲ್ಲಿ ಯಾವುದು?

ಉತ್ತರ ವಿಧಾನದಲ್ಲಿಲ್ಲ, ನಿಮ್ಮ ಪ್ರಶ್ನೆಯಲ್ಲಿದೆ. ‘ಎಷ್ಟು ವರ್ಷಕ್ಕೊಮ್ಮೆ ಆಗುತ್ತದೆ’ ಎಂಬ ಅಂಕಿ ಬೇಕೋ, ‘ಎಲ್ಲಿ ಕೈ ಹಾಕಿದರೆ ಬೇಗ ಆಗುತ್ತದೆ’ ಎಂಬ ಹಿಡಿಕೆ ಬೇಕೋ? ಅಂಕಿಗೆ ಒಳ್ಳೆಯ ವಿಧಾನ ಹಿಡಿಕೆಗೆ ದುಬಾರಿ. ಹಿಡಿಕೆ ಕೊಡುವ ವಿಧಾನದ ಅಂಕಿ ಒರಟು. ಹೆಚ್ಚಿನವರು ಇದನ್ನು ತೀರ್ಮಾನಿಸದೆ ಕೋಡ್ ಬರೆಯಲು ಕೂರುತ್ತಾರೆ.

ಅಳೆಯುವ ಮಾನದಂಡಗಳು

ಮೊದಲನೆಯದು ಚರಗಳ ಎಣಿಕೆ. ರೋಗಪೀಡಿತ ಕುರಿಗಳ ಸಂಖ್ಯೆಯೊಂದೇ ಸಾಕೋ, ಇಲ್ಲ ಆರೋಗ್ಯವಂತ, ರೋಗಪೀಡಿತ, ಚೇತರಿಸಿಕೊಂಡ ಎಂದು ಮೂರು ಬೇಕೋ? ಎರಡನೆಯದು ಘಟನೆ ಎಷ್ಟು ಅಪರೂಪ: ಸಾವಿರಕ್ಕೊಂದೋ, ಕೋಟಿಗೊಂದೋ. ಮೂರನೆಯದು ಎಷ್ಟು ನಿಖರತೆ ಬೇಕು. ಶೇ 10 ತಪ್ಪು ನಡೆಯುತ್ತದೋ, ಘಾತ ಸರಿ ಇದ್ದರೆ ಸಾಕೋ? ನಾಲ್ಕನೆಯದು ನಿಯಂತ್ರಣದ ಆಯ್ಕೆಗಳು ಎಷ್ಟು. ಐವತ್ತು ಲಸಿಕೆ ಯೋಜನೆಗಳನ್ನು ಹೋಲಿಸಬೇಕಾದರೆ ಒಂದೊಂದಕ್ಕೂ ಒಂದು ವಾರ ಓಡುವ ವಿಧಾನ ಕೆಲಸಕ್ಕೆ ಬಾರದು. ಐದನೆಯದು ಯಂತ್ರ: 8 ಜಿಬಿ ಲ್ಯಾಪ್‌ಟಾಪ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಕೋಣೆ, ನಡುವೆ ಹೋಗುವ ಕರೆಂಟ್. ವಿಧಾನ ಯಾವುದೇ ಆಗಲಿ, ಅರ್ಧ ಗಂಟೆಗೊಮ್ಮೆ ಸ್ಥಿತಿಯನ್ನೂ ರ‍್ಯಾಂಡಮ್ ಜನರೇಟರಿನ ಒಳಸ್ಥಿತಿಯನ್ನೂ ಫೈಲಿಗೆ ಬರೆದಿಡಿ. ನಾಲ್ಕು ಕೋರ್‌ಗಳಲ್ಲಿ ಓಡಿಸುವಾಗ ನಾಲ್ಕಕ್ಕೂ ಒಂದೇ ಸೀಡ್ (ಜನರೇಟರ್ ಶುರುವಾಗುವ ಅಂಕಿ) ಕೊಟ್ಟರೆ ಸಿಗುವುದು ಒಂದೇ ಫಲಿತಾಂಶದ ನಾಲ್ಕು ಪ್ರತಿ. ಇದು ಹುಡುಕಿದರೂ ಕಾಣದ ತಪ್ಪು, ಏಕೆಂದರೆ ಎರರ್ ಬಾರ್ ಮಾತ್ರ ಚೆನ್ನಾಗಿ ಕಿರಿದಾಗಿರುತ್ತದೆ.

ಇದಕ್ಕೂ ಮೊದಲು ನೋಡಬೇಕಾದ ಇನ್ನೊಂದು ಮಾತಿದೆ: ನಿಮ್ಮ ಅಪರೂಪದ ಘಟನೆಗೆ ಕಾರಣ ಒಳಗಿನ ಗದ್ದಲವೇ? ಇಲ್ಲಿ ಹೇಳುವ ವಿಧಾನಗಳೆಲ್ಲ ಎಣಿಕೆ ಕಡಿಮೆ ಇರುವಾಗ, ಅಂದರೆ ನೂರಿನ್ನೂರು ಕುರಿ ಅಥವಾ ಕೆಲವು ನೂರು ಅಣು ಇರುವಾಗ, ಒಂದೊಂದು ಹುಟ್ಟು ಸಾವಿನ ಆಕಸ್ಮಿಕದಿಂದ ಬರುವ ಏರುಪೇರಿಗೆ. ಯಾದಗಿರಿಯ ಕಡೇಚೂರು ಕೈಗಾರಿಕಾ ಪ್ರದೇಶದಲ್ಲಿ ಕಾಣುವಂಥ ದೊಡ್ಡ ರಿಯಾಕ್ಟರಿನಲ್ಲಿ ಅಣುಗಳ ಎಣಿಕೆ 10ರ 20ನೇ ಘಾತವನ್ನೂ ಮೀರುತ್ತದೆ. ಅಲ್ಲಿ ತಾಪ ಕೈಮೀರಿದರೆ ಕಾರಣ ಕೂಲಿಂಗ್, ಕಲಕುವಿಕೆ, ಕವಾಟ, ಅಣುಗಳ ಆಕಸ್ಮಿಕವಲ್ಲ. ಅದಕ್ಕೆ ಈ ಲೇಖನ ಬಿಟ್ಟು ಸುರಕ್ಷತಾ ಎಂಜಿನಿಯರಿಂಗ್ ಪುಸ್ತಕ ತೆರೆಯಿರಿ. ಹಾಗೆಯೇ ಮಳೆ ಒಂದು ವರ್ಷ ಬಂದು ಒಂದು ವರ್ಷ ಕೈಕೊಡುವ ನಮ್ಮ ಕಡೆ, ಇಡೀ ಸಂಖ್ಯೆಯನ್ನು ಒಟ್ಟಿಗೆ ಅಲುಗಾಡಿಸುವ ಪರಿಸರದ ಗದ್ದಲ ಬಲವಾಗಿದ್ದರೆ ಅಳಿವಿನ ಕಾಲ ಸಂಖ್ಯೆಯ ಜತೆ ಘಾತೀಯವಾಗಿ ಬೆಳೆಯುವುದಿಲ್ಲ, ಬರಿಯ ಪವರ್ ಲಾ ಪ್ರಕಾರ, ಅಂದರೆ ಸಂಖ್ಯೆಯ ಒಂದು ನಿಗದಿತ ಘಾತದಂತೆ, ನಿಧಾನಕ್ಕೆ ಬೆಳೆಯುತ್ತದೆ. ಚಿಂಚೋಳಿ ವನ್ಯಜೀವಿ ಧಾಮದ ಒಂದು ಸಣ್ಣ ಪ್ರಾಣಿಗುಂಪಿನ ಉಳಿವನ್ನು ಲೆಕ್ಕ ಹಾಕುವವರು ಮಳೆಯನ್ನು ಮಾದರಿಯಿಂದ ಹೊರಗಿಟ್ಟರೆ, ಬರುವ ಉತ್ತರ ಸುಳ್ಳು ಧೈರ್ಯ ಕೊಡುತ್ತದೆ.

ಎಲ್ಲ ವಿಧಾನಕ್ಕೂ ಒಂದೇ ಒರೆಗಲ್ಲು

ಒಂದು ಕುರಿಹಿಂಡು, ವಾಸಿಯಾದ ಮೇಲೂ ಮತ್ತೆ ಬರಬಲ್ಲ ಒಂದು ರೋಗ. ಗೊರಸು ಕೊಳೆಯುವ ರೋಗ ಈ ಜಾತಿಯದು. ಇದಕ್ಕೆ ಎಸ್‌ಐಎಸ್ (ಆರೋಗ್ಯವಂತ, ರೋಗಪೀಡಿತ, ಮತ್ತೆ ಆರೋಗ್ಯವಂತ) ಮಾದರಿ ಸಾಕು: ರೋಗ ಹರಡುವುದು ಒಂದು ಕ್ರಿಯೆ, ವಾಸಿಯಾಗುವುದು ಇನ್ನೊಂದು. (ಪಿಪಿಆರ್‌ನಂತೆ ಅಂದರೆ ಕುರಿ ಮೇಕೆಗಳ ಪ್ಲೇಗಿನಂತೆ, ಒಮ್ಮೆ ಬಂದರೆ ಗಟ್ಟಿ ಪ್ರತಿರೋಧ ಉಳಿಯುವ ರೋಗಕ್ಕೆ ಈ ಮಾದರಿ ಹಾಕಬೇಡಿ.) ಹಿಂಡಿನ ಗಾತ್ರ ಎನ್, ಆರ್-ನಾಟ್ (ಆರೋಗ್ಯವಂತ ಹಿಂಡಿನಲ್ಲಿ ಒಂದು ರೋಗಿ ಕುರಿ ಸರಾಸರಿ ಎಷ್ಟಕ್ಕೆ ರೋಗ ಹಚ್ಚುತ್ತದೆ ಎಂಬ ಸಂಖ್ಯೆ) ಅನ್ನು ಸುಮ್ಮನೆ ಆರ್ ಎನ್ನೋಣ. ಆರ್ 1.5 ಇದ್ದರೆ ಸರಾಸರಿ ಮೂರರಲ್ಲಿ ಒಂದು ಕುರಿ ಸದಾ ರೋಗದಲ್ಲಿರುತ್ತದೆ. ಎನ್ ದೊಡ್ಡದಿದ್ದಾಗ ರೋಗ ತಾನಾಗಿ ಅಳಿಯಲು ಬೇಕಾಗುವ ಸರಾಸರಿ ಕಾಲ ಗೊತ್ತಿರುವ ಸೂತ್ರ:

ಕಾಲ ≈ [ಆರ್ ÷ ((ಆರ್ − 1)ರ ವರ್ಗ)] × ವರ್ಗಮೂಲ(2 ಪೈ ÷ ಎನ್) × ಇ ಘಾತ [ಎನ್ × (ಲಾಗ್ ಆರ್ − 1 + 1/ಆರ್)]

ಇಲ್ಲಿ ಕಾಲದ ಏಕಮಾನ ಒಂದು ಕುರಿ ವಾಸಿಯಾಗುವ ಸರಾಸರಿ ಅವಧಿ. ಲಾಗ್ ಎಂದರೆ ಸಹಜ ಲಾಗರಿದಮ್. ಎನ್ 100 ಇದ್ದರೆ ಉತ್ತರ ಸುಮಾರು 2,040 ಅವಧಿ. ಅವಧಿ 10 ದಿನ ಎಂದುಕೊಂಡರೆ 56 ವರ್ಷ. ಎನ್ 200 ಮಾಡಿ: 19.6 ಲಕ್ಷ ಅವಧಿ, ಅಂದರೆ 53 ಸಾವಿರ ವರ್ಷಕ್ಕೂ ಮೇಲೆ. ಬಹಮನಿ ರಾಜ್ಯ ಶುರುವಾದದ್ದು 1347ರಲ್ಲಿ. ಅಲ್ಲಿಂದ ಇಂದಿಗೆ ಏಳುನೂರು ವರ್ಷವೂ ತುಂಬಿಲ್ಲ. ಹಿಂಡು ಎರಡು ಪಟ್ಟಾದದ್ದಕ್ಕೆ ಕಾಲ 960 ಪಟ್ಟಾಯಿತು. ವಿಧಾನಗಳ ನಡುವಿನ ಜಗಳವೆಲ್ಲ ಹುಟ್ಟುವುದು ಈ ಘಾತದಿಂದಲೇ.

ನೀವು ಬರೆಯುವ ಯಾವುದೇ ಕೋಡನ್ನು ಮೊದಲು ಈ ಮಾದರಿಯ ಮೇಲೆ ಓಡಿಸಿ. ಎನ್ 100ಕ್ಕೆ 2,000ದ ಆಸುಪಾಸು ಬರದಿದ್ದರೆ ಮುಂದೆ ಹೋಗಬೇಡಿ.

ನೇರ ಸಿಮ್ಯುಲೇಷನ್

ಡೇನಿಯಲ್ ಗಿಲೆಸ್ಪಿ 1976–77ರಲ್ಲಿ ಕೊಟ್ಟ ಅಲ್ಗಾರಿದಮ್ ಎಲ್ಲರ ಮೊದಲ ಮೆಟ್ಟಿಲು. ಬರೆಯಲು ಮೂವತ್ತು ಸಾಲು, ತಪ್ಪುವ ಜಾಗ ಕಡಿಮೆ, ಯಾವ ಮಾದರಿಗೂ ಒಗ್ಗುತ್ತದೆ. ಸಂಭವನೀಯತೆ ಸಾವಿರಕ್ಕೊಂದರವರೆಗೆ ಇದ್ದರೆ ಬೇರೆ ಯಾವುದನ್ನೂ ಹುಡುಕಬೇಡಿ.

ಆಮೇಲೆ ಖರ್ಚು ಏರುತ್ತದೆ. ಶೇ 10 ತಪ್ಪಿನೊಳಗೆ ಅಂಕಿ ಬೇಕಾದರೆ ಘಟನೆ ನೂರು ಸಲವಾದರೂ ನಡೆಯಬೇಕು. ಹತ್ತು ಲಕ್ಷಕ್ಕೊಂದರ ಘಟನೆಗೆ ಹತ್ತು ಕೋಟಿ ರನ್. ನಮ್ಮ ಹಿಂಡಿನಲ್ಲಿ ಎನ್ 200 ಇದ್ದಾಗ ಒಂದು ಅವಧಿಗೆ ಸುಮಾರು 133 ಘಟನೆ ನಡೆಯುತ್ತವೆ, ಒಂದು ಅಳಿವಿಗೆ 26 ಕೋಟಿ. ಸೆಕೆಂಡಿಗೆ ಹತ್ತು ಲಕ್ಷ ಘಟನೆ ಓಡಿಸುವ ಕೋಡಿಗೆ ನೂರು ಅಳಿವು ನೋಡಲು ಏಳು ತಾಸು. ರಾತ್ರಿ ಹಚ್ಚಿಟ್ಟು ಮಲಗಿದರೆ ಬೆಳಿಗ್ಗೆ ಸಿದ್ಧ. ಎನ್ 400ಕ್ಕೆ? ಒಂದೇ ಒಂದು ಅಳಿವಿಗೆ ಇಪ್ಪತ್ತೊಂದು ವರ್ಷಕ್ಕೂ ಹೆಚ್ಚು. ಪಿಎಚ್‌ಡಿ ಮುಗಿಯುವುದು ಬೇಡ, ಗೈಡ್ ನಿವೃತ್ತರಾಗುತ್ತಾರೆ.

ಸಾವಿರ ರನ್ ಮಾಡಿ ಘಟನೆ ಒಮ್ಮೆಯೂ ಕಾಣದಿದ್ದರೆ ‘ಸಂಭವ ಸೊನ್ನೆ’ ಎಂದು ಬರೆಯಬೇಡಿ. ಶೇ 95 ಭರವಸೆಯಲ್ಲಿ ಹೇಳಬಹುದಾದದ್ದು ಸಾವಿರಕ್ಕೆ ಮೂರಕ್ಕಿಂತ ಕಡಿಮೆ ಎಂದಷ್ಟೇ.

ವೇಗಕ್ಕೆಂದು ಟೌ-ಲೀಪಿಂಗ್‌ಗೋ ಲಾಂಜೆವನ್ ಸಮೀಕರಣಕ್ಕೋ ಹಾರುವವರಿಗೆ ಒಂದು ಲೆಕ್ಕ. ಮೊದಲನೆಯದು ಹಲವು ಘಟನೆಗಳನ್ನು ಒಂದೇ ನೆಗೆತದಲ್ಲಿ ದಾಟಿಸುತ್ತದೆ, ಎರಡನೆಯದು ಎಣಿಕೆಯನ್ನು ಬಿಡಿಬಿಡಿಯಲ್ಲದ ಸಂಖ್ಯೆ ಎಂದುಕೊಳ್ಳುವ ಡಿಫ್ಯೂಷನ್ ಅಂದಾಜು. ಸರಾಸರಿಗೆ ಇವು ಚೆನ್ನಾಗಿವೆ, ಅಪರೂಪದ ಘಟನೆಗಳಿರುವ ಬಾಲದ ತುದಿಗೆ ಅಲ್ಲ. ಎನ್ 200, ಆರ್ 1.5 ಇದ್ದಾಗ ಡಿಫ್ಯೂಷನ್ ಅಂದಾಜಿನ ಘಾತ ತಪ್ಪುವುದು 0.1ರಷ್ಟು, ಅಂದರೆ ಕಾಲದಲ್ಲಿ ಶೇ 10, ನಡೆದೀತು. ಆರ್ 3 ಮಾಡಿ ನೋಡಿ: ಸರಿಯಾದ ಘಾತದ ಗುಣಕ 0.4319, ಡಿಫ್ಯೂಷನ್ ಕೊಡುವುದು 0.4091. ವ್ಯತ್ಯಾಸ ಕಣ್ಣಿಗೆ ಸಣ್ಣದು. ಅದನ್ನು 200ರಿಂದ ಗುಣಿಸಿ ಇ ಘಾತಕ್ಕೆ ಏರಿಸಿದರೆ ಉತ್ತರ ಸುಮಾರು 95 ಪಟ್ಟು ತಪ್ಪು. ಗ್ರಾಫಿನಲ್ಲಿ ಎರಡೂ ಗೆರೆ ಒಂದರ ಮೇಲೊಂದು ಕೂತಿರುತ್ತವೆ, ಮೋಸ ಇರುವುದು ಅಲ್ಲೇ.

ಎಣಿಸಲು ಬಂದರೆ ಎಣಿಸಿಬಿಡಿ

ಸಿಮ್ಯುಲೇಷನ್ನಿನ ಹುಚ್ಚಿನಲ್ಲಿ ಎಲ್ಲರೂ ಮರೆಯುವ ದಾರಿ ಇದು. 400 ಕುರಿ ಎಂದರೆ ಬರಿಯ 400 ಸ್ಥಿತಿ. ಮಾಸ್ಟರ್ ಸಮೀಕರಣವನ್ನು ನೇರ ಬಿಡಿಸಿದರೆ ಇಪ್ಪತ್ತೊಂದು ವರ್ಷದ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಒಂದು ಚರ, ಒಂದೊಂದೇ ಹೆಜ್ಜೆಯ ಏರಿಳಿತವಿದ್ದರೆ ಸರಾಸರಿ ಕಾಲಕ್ಕೆ ಬರಿಯ ಗುಣಾಕಾರ ಸಂಕಲನದ ಸೂತ್ರವಿದೆ, ಎಕ್ಸೆಲ್ ಸಾಕು. ಎರಡು ಚರ, ತಲಾ 400 ಎಂದರೆ 1.6 ಲಕ್ಷ ಸ್ಥಿತಿ. ಪೈಥಾನಿನ ಸೈಪೈನಲ್ಲಿ ಸ್ಪಾರ್ಸ್ (ಬಹುತೇಕ ಸೊನ್ನೆಯೇ ಇರುವ) ಮ್ಯಾಟ್ರಿಕ್ಸ್ ಮಾಡಿ ಬಿಡಿಸಿ, ಲ್ಯಾಪ್‌ಟಾಪಿಗೆ ಭಾರವಲ್ಲ. ಮೂರು ಚರಕ್ಕೆ ಬಂದಾಗ 6.4 ಕೋಟಿ ಸ್ಥಿತಿ. ಸಾಲಿಗೆ ಏಳು ಅಂಕಿಯಂತೆ ಇಟ್ಟರೂ ಮ್ಯಾಟ್ರಿಕ್ಸ್ ಒಂದೇ 5 ಜಿಬಿ ದಾಟುತ್ತದೆ, ಬಿಡಿಸುವಾಗ ಅದರ ಕೆಲವು ಪಟ್ಟು ಬೇಕು. 8 ಜಿಬಿ ಯಂತ್ರ ಅಲ್ಲಿ ಕೈ ಎತ್ತುತ್ತದೆ.

ನಡುವಿನ ದಾರಿ 2006ರಲ್ಲಿ ಮನ್‌ಸ್ಕಿ ಮತ್ತು ಖಮ್ಮಾಶ್ ಕೊಟ್ಟ ಫೈನೈಟ್ ಸ್ಟೇಟ್ ಪ್ರೊಜೆಕ್ಷನ್: ಬೇಕಾದ ಸ್ಥಿತಿಗಳನ್ನಷ್ಟೇ ಇಟ್ಟುಕೊಂಡು ಉಳಿದವನ್ನೆಲ್ಲ ಒಂದೇ ಗುಂಡಿಗೆ ಹರಿಸುವುದು. ಗುಂಡಿಗೆ ಸೋರಿದ ಸಂಭವನೀಯತೆಯೇ ತಪ್ಪಿನ ಮಿತಿ. ಆದರೆ ಅಪರೂಪದ ಘಟನೆಗೆ ಇಲ್ಲೊಂದು ಕೊಕ್ಕೆ ಇದೆ: ನಿಮಗೆ ಬೇಕಾದ ಸಂಭವ ಕೋಟಿಗೊಂದು, ಸೋರಿಕೆ ಸಾವಿರಕ್ಕೊಂದು ಇದ್ದರೆ ಉತ್ತರಕ್ಕೆ ಅರ್ಥವಿಲ್ಲ. ಸೋರಿಕೆ ಘಟನೆಗಿಂತ ಕನಿಷ್ಠ ನೂರು ಪಟ್ಟು ಚಿಕ್ಕದಾಗುವವರೆಗೆ ಸ್ಥಿತಿಗಳನ್ನು ಸೇರಿಸುತ್ತಾ ಹೋಗಿ.

ಇನ್ನೊಂದು ಹೊಂಡ ದಶಮಾಂಶದ್ದು. ಡಬಲ್ ಪ್ರಿಸಿಷನ್ನಿಗೆ ಸುಮಾರು 16 ಅಂಕೆಯ ಹಿಡಿತ. ಎನ್ 400ಕ್ಕೆ ಅಳಿವಿನ ದರ ಅವಧಿಗೆ 10ರ −13ನೇ ಘಾತದ ಮಟ್ಟಕ್ಕೆ ಇಳಿಯುತ್ತದೆ. ಅದನ್ನು ಐಗನ್‌ವ್ಯಾಲ್ಯೂ ಆಗಿ ಹುಡುಕಿದರೆ ದೊಡ್ಡ ಅಂಕಿಗಳ ಕಳೆಯುವಿಕೆಯಲ್ಲಿ ಅದು ಮುಳುಗಿಹೋಗುತ್ತದೆ, ಒಮ್ಮೊಮ್ಮೆ ಋಣ ದರವೂ ಬರುತ್ತದೆ. ಕಳೆಯುವಿಕೆಯೇ ಇಲ್ಲದ ಸೂತ್ರ ಹಿಡಿಯಿರಿ. ಹಲವು ಚರಗಳಿಗೆ ಗ್ರಾಸ್‌ಮನ್, ಟಕ್ಸಾರ್, ಹೇಮನ್ ಅವರ 1985ರ ಎಲಿಮಿನೇಷನ್ ವಿಧಾನ ಇದಕ್ಕೇ ಇದೆ.

ಐವತ್ತು ಯೋಜನೆ ಹೋಲಿಸಬೇಕೇ? ಚರ ಒಂದೆರಡೇ ಇದ್ದರೆ ಇದಕ್ಕಿಂತ ಒಳ್ಳೆಯದಿಲ್ಲ: ಐವತ್ತು ಸಲ ಬಿಡಿಸಿ, ಚಹಾ ಆರುವ ಮೊದಲು ಮುಗಿಯುತ್ತದೆ.

ಇಂಪಾರ್ಟೆನ್ಸ್ ಸ್ಯಾಂಪ್ಲಿಂಗ್: ದಾಳವನ್ನು ವಾಲಿಸುವುದು

ಘಟನೆ ಬೇಗ ಆಗುವಂತೆ ದರಗಳನ್ನು ತಿರುಚಿ, ತಿರುಚಿದ್ದಕ್ಕೆ ತಕ್ಕ ತೂಕವನ್ನು ಪ್ರತಿ ಹೆಜ್ಜೆಗೂ ಗುಣಿಸುತ್ತಾ ಹೋಗುವುದು. ರಾಸಾಯನಿಕ ಕ್ರಿಯೆಗಳಿಗೆ ಇದನ್ನು 2008ರಲ್ಲಿ ಕುವಹಾರ ಮತ್ತು ಮುರ ತಂದರು. ಸರಿಯಾಗಿ ತಿರುಚಿದರೆ ಸಾವಿರ ರನ್ನಿನಲ್ಲಿ ಮುಗಿಯುತ್ತದೆ. ತಪ್ಪಾಗಿ ತಿರುಚಿದರೆ ಏನಾಗುತ್ತದೆ ಎಂಬುದೇ ಭಯ: ಉತ್ತರ ಬರುತ್ತದೆ, ಎರರ್ ಬಾರ್ ಚಿಕ್ಕದೇ ಇರುತ್ತದೆ, ಆದರೆ ಅಂಕಿ ನಿಜಕ್ಕಿಂತ ನೂರು ಪಟ್ಟು ಕಡಿಮೆ. ಹೆಚ್ಚು ತೂಕದ ಒಂದೆರಡು ದಾರಿ ಇನ್ನೂ ಕಂಡೇ ಇರುವುದಿಲ್ಲ.

ಹಾಗಾದರೆ ಎಷ್ಟು ತಿರುಚಬೇಕು? ನಮ್ಮ 200 ಕುರಿಯ ಹಿಂಡಿನ ಉದಾಹರಣೆಯಲ್ಲಿ ಇದಕ್ಕೆ ಸೊಗಸಾದ ಉತ್ತರವಿದೆ: ಎರಡು ದರಗಳನ್ನು ಅದಲುಬದಲು ಮಾಡಿ. ರೋಗ ಹರಡುವ ದರದಲ್ಲಿ ಕುರಿ ವಾಸಿಯಾಗಲಿ, ವಾಸಿಯಾಗುವ ದರದಲ್ಲಿ ಹರಡಲಿ. ಒಟ್ಟು ದರ ಬದಲಾಗದ ಕಾರಣ ಕಾಲಕ್ಕೆ ಬೇರೆ ತಿದ್ದುಪಡಿ ಬೇಡ. ಒಂದು ಇಳಿಕೆಯ ಹೆಜ್ಜೆಗೆ ತೂಕ 1 ÷ [ಆರ್ × (1 − ರೋಗಿಗಳ ಪಾಲು)], ಏರಿಕೆಗೆ ಅದರ ತಲೆಕೆಳಗು. ರೋಗಿಗಳ ಸಂಖ್ಯೆ 50ರಿಂದ 49ಕ್ಕೆ ಇಳಿದು ಮತ್ತೆ 50ಕ್ಕೆ ಏರಿದರೆ ಎರಡೂ ತೂಕ ಸೇರಿ 151/150, ಹೆಚ್ಚುಕಡಿಮೆ 1. ಅಂದರೆ ದಾರಿ ಎಷ್ಟೇ ಅಂಕುಡೊಂಕಾಗಲಿ, ಕೊನೆಗೆ ಎಲ್ಲ ರನ್‌ಗಳ ತೂಕ ಹತ್ತಿರ ಹತ್ತಿರವೇ ಬೀಳುತ್ತದೆ. ಏರುಪೇರು ಕಡಿಮೆ ಎಂದರೆ ರನ್ ಕಡಿಮೆ ಸಾಕು. ಪ್ರತಿ ರನ್ ಅನ್ನು ಸಹಜ ಮಟ್ಟದಿಂದ, ಅಂದರೆ 67ರ (200ರ ಮೂರನೇ ಒಂದು ಪಾಲಿನ) ಕೆಳಗಿನಿಂದ ಶುರು ಮಾಡಿ. 67ಕ್ಕೆ ಮರಳಿದರೆ ತೂಕ ಸೊನ್ನೆ ಎಂದು ನಿಲ್ಲಿಸಿ, ಸೊನ್ನೆ ತಲುಪಿದರೆ ತೂಕವನ್ನು ಬರೆದುಕೊಳ್ಳಿ. ಬಂದ ಸರಾಸರಿಯನ್ನು ಕಾಲಮಾನಕ್ಕೆ 67ರಿಂದ ಎಷ್ಟು ಸಲ ಕೆಳಗಿಳಿಯುತ್ತದೆ ಎಂಬುದರಿಂದ ಗುಣಿಸಿದರೆ ಅಳಿವಿನ ದರ. ಆ ಎಣಿಕೆ ಮಾತ್ರ ತಿರುಚದ ಸಿಮ್ಯುಲೇಷನ್ನಿನಿಂದ ಬರಬೇಕು.

ಎರಡು ಮೂರು ಚರಗಳಲ್ಲಿ ಇಷ್ಟು ಸುಲಭದ ಅದಲುಬದಲು ಇಲ್ಲ. ತಿರುಚುವ ಪ್ರಮಾಣ ಡಬ್ಲ್ಯುಕೆಬಿ ದಾರಿಯಿಂದ ಬರಬೇಕು. ಎಲ್ಲ ಸ್ಥಿತಿಗೂ ಒಂದೇ ಗುಣಕ ಹಾಕುವುದು ಸೋಮಾರಿ ಉಪಾಯ, ಅಪರೂಪ ಹೆಚ್ಚಿದಷ್ಟೂ ಅದು ಕೈಕೊಡುತ್ತದೆ. ತೂಕವನ್ನು ಲಾಗ್ ರೂಪದಲ್ಲಿ ಕೂಡಿಸಿ, ಇಲ್ಲದಿದ್ದರೆ ಸೊನ್ನೆಗೆ ಇಳಿದುಬಿಡುತ್ತದೆ. ತೂಕಗಳ ಮೊತ್ತದ ವರ್ಗವನ್ನು ವರ್ಗಗಳ ಮೊತ್ತದಿಂದ ಭಾಗಿಸಿ ನೋಡಿ: ಹತ್ತು ಸಾವಿರ ರನ್ನಿಗೆ ಅದು 20 ಎಂದು ಬಂದರೆ ನಿಮ್ಮ ಕೈಯಲ್ಲಿರುವುದು ಇಪ್ಪತ್ತೇ ರನ್.

ಸ್ಪ್ಲಿಟಿಂಗ್: ಮೆಟ್ಟಿಲು ಮೆಟ್ಟಿಲಾಗಿ

ದರ ಮುಟ್ಟದೆ ದಾರಿಯನ್ನು ತುಂಡು ಮಾಡುವುದು. ಮೂಲ ಕಲ್ಪನೆ 1951ರ ಕಾಹ್ನ್ ಮತ್ತು ಹ್ಯಾರಿಸ್ ಅವರದು. 2005ರ ಫಾರ್ವರ್ಡ್ ಫ್ಲಕ್ಸ್ ಸ್ಯಾಂಪ್ಲಿಂಗ್ ಜೀವಕೋಶದ ಸ್ವಿಚ್‌ಗಳಿಗೆ ಹೆಚ್ಚು ಬಳಕೆಯಲ್ಲಿದೆ. ಕೋಡ್ ಈಗಾಗಲೇ ಇದ್ದು, ಸಿದ್ಧಾಂತಕ್ಕೆ ಸಮಯವಿಲ್ಲ, ಮೂರಕ್ಕಿಂತ ಹೆಚ್ಚು ಚರಗಳಿವೆ ಎನ್ನುವವರಿಗೆ ಮೊದಲ ಶಿಫಾರಸು ಇದೇ.

ಹಿಂಡಿಗೆ ಹೀಗೆ: ಸಹಜ ಮಟ್ಟ 67, ಅದರ ಏರುಪೇರಿನ ವಿಚಲನ ಎನ್/ಆರ್ ಇದರ ವರ್ಗಮೂಲ, ಸುಮಾರು 11.5. ಮೊದಲ ಗೆರೆಯನ್ನು ಒಂದೂವರೆ ವಿಚಲನ ಕೆಳಗೆ, 50ರಲ್ಲಿ ಎಳೆಯಿರಿ. ಉದ್ದ ಸಿಮ್ಯುಲೇಷನ್ ಓಡಿಸಿ, ಅದು ಸಹಜ ಮಟ್ಟದಿಂದ ಬಂದು 50 ದಾಟುವ ಪ್ರತಿ ಸಲವನ್ನೂ ಎಣಿಸಿ, ಆ ಸ್ಥಿತಿಯನ್ನು ಕಾಪಾಡಿ. 50ರ ಗೆರೆಯ ಮೇಲೇ ಹಿಂದೆ ಮುಂದೆ ತೂಗಾಡಿದ್ದನ್ನೆಲ್ಲ ಎಣಿಸಿದರೆ ದರ ಹಲವು ಪಟ್ಟು ಉಬ್ಬುತ್ತದೆ. ಹೊಸಬರು ಹೆಚ್ಚಾಗಿ ಬೀಳುವ ಗುಂಡಿ ಇದೇ. ಕಾಪಾಡಿದ ಸ್ಥಿತಿಗಳಿಂದ ಮನಬಂದಂತೆ ಒಂದನ್ನು ಆರಿಸಿ ಸಾವಿರ ಸಲ ಓಡಿಸಿ: ಎಷ್ಟು ಸಲ ಮುಂದಿನ ಗೆರೆ ಮುಟ್ಟಿತು, ಎಷ್ಟು ಸಲ ಮೇಲಕ್ಕೆ ಮರಳಿತು? ಗೆದ್ದ ಸ್ಥಿತಿಗಳಿಂದ ಮುಂದಿನ ಮೆಟ್ಟಿಲು. ಕೊನೆಯ ಗೆರೆ 4ರಲ್ಲಿದ್ದರೆ ಅಲ್ಲಿಂದ ಸೊನ್ನೆ ತಲುಪುವ ಸಂಭವ 1/1.5ರ ನಾಲ್ಕನೇ ಘಾತ, ಅಂದರೆ 0.2ರ ಹತ್ತಿರ ಇರಬೇಕು; ನಿಮ್ಮ ಕೋಡಿಗೆ ಇದು ಒಳ್ಳೆಯ ಪರೀಕ್ಷೆ.

ಪ್ರತಿ ಮೆಟ್ಟಿಲ ಸಂಭವ 0.1ರಿಂದ 0.3ರೊಳಗೆ ಬರುವಂತೆ ಗೆರೆ ಎಳೆದರೆ ಚೆಂದ. ನೂರು ಪ್ರಯತ್ನದ ಪೂರ್ವಪರೀಕ್ಷೆ ಮಾಡಿ, 0.1ಕ್ಕಿಂತ ಕಡಿಮೆ ಬಂದಲ್ಲಿ ನಡುವೆ ಇನ್ನೊಂದು ಗೆರೆ ಹಾಕಿ. 0.2ರ ಹತ್ತು ಮೆಟ್ಟಿಲು ಸೇರಿದರೆ ಕೋಟಿಗೊಂದು. ಮೆಟ್ಟಿಲಿಗೆ ಸಾವಿರದಂತೆ ಹತ್ತು ಸಾವಿರ ಪ್ರಯತ್ನದಲ್ಲಿ ತಪ್ಪು ಶೇ 20ರ ಸುಮಾರು. ಅದೇ ನಿಖರತೆಗೆ ನೇರ ಸಿಮ್ಯುಲೇಷನ್ 25 ಕೋಟಿ ರನ್ ಕೇಳುತ್ತದೆ. ಶೇ 20 ಎಂಬುದು ಪ್ರಯತ್ನಗಳು ಒಂದಕ್ಕೊಂದು ಸಂಬಂಧವಿಲ್ಲ ಎಂದುಕೊಂಡಾಗಿನ ಮಾತು. ಮೊದಲ ಗೆರೆಯಲ್ಲಿ ಹತ್ತೇ ಸ್ಥಿತಿ ಕಾಪಾಡಿದ್ದರೆ ಉಳಿದವರೆಲ್ಲ ಆ ಹತ್ತರ ಮೊಮ್ಮಕ್ಕಳು, ಆಗ ನಿಜವಾದ ತಪ್ಪು ಇನ್ನೂ ದೊಡ್ಡದು. ಕಾಪಾಡಿದ ಸ್ಥಿತಿ ನೂರಕ್ಕೆ ಕಡಿಮೆ ಬೇಡ. ಇಡೀ ಲೆಕ್ಕವನ್ನು ಬೇರೆ ಸೀಡ್ ಹಾಕಿ ಐದು ಸಲ ಮಾಡಿ, ಐದರ ಚದುರುವಿಕೆಯನ್ನೇ ತಪ್ಪು ಎಂದು ಬರೆಯಿರಿ.

ಇದರ ದೌರ್ಬಲ್ಯ ಗೆರೆ ಎಳೆಯುವ ಅಳತೆ. ಹಿಂಡಿಗೆ ರೋಗಿಗಳ ಸಂಖ್ಯೆ ಸಾಕು. ಎರಡು ಪ್ರೋಟೀನಿನ ಸ್ವಿಚ್‌ನಲ್ಲಿ ಒಂದನ್ನಷ್ಟೇ ನೋಡಿದರೆ ಮೊದಲ ಗೆರೆಗಳನ್ನು ಸುಲಭವಾಗಿ ದಾಟಿ ಕೊನೆಯಲ್ಲಿ ಎಲ್ಲ ಪ್ರಯತ್ನಗಳೂ ಸಾಯುತ್ತವೆ. ಎರಡರ ವ್ಯತ್ಯಾಸವನ್ನು ಅಳತೆ ಮಾಡಿದರೆ ಸುಧಾರಿಸುತ್ತದೆ. ನಿಯಂತ್ರಣದ ಪ್ರಶ್ನೆಗೆ ಬಂದರೆ ಪ್ರತಿ ಯೋಜನೆಗೂ ಮತ್ತೆ ಮೊದಲಿನಿಂದ ಶುರು, ಮೇಲಾಗಿ ಎರಡು ಯೋಜನೆಗಳ ವ್ಯತ್ಯಾಸ ಶೇ 20ಕ್ಕಿಂತ ಕಡಿಮೆ ಇದ್ದರೆ ಗದ್ದಲದಲ್ಲಿ ಮುಚ್ಚಿಹೋಗುತ್ತದೆ.

ಡಬ್ಲ್ಯುಕೆಬಿ: ಹಿಡಿಕೆ ಸಿಗುವುದು ಇಲ್ಲಿ

ಅಪರೂಪದ ಘಟನೆ ಆಗುವುದೇ ಅಪರೂಪ, ಆದಾಗ ಮಾತ್ರ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಆಗುತ್ತದೆ. ಆ ದಾರಿ ಮತ್ತು ಅದರ ಆ್ಯಕ್ಷನ್ (ದಾರಿ ಎಷ್ಟು ಅಸಂಭವ ಎಂಬ ಅಳತೆ, ಎನ್‌ನಿಂದ ಗುಣಿಸಿದರೆ ಘಾತ) ಹುಡುಕುವುದು ಈ ವಿಧಾನ. ಅಂಕಿಯ ಮುಂದಿನ ಗುಣಕ (ಸೂತ್ರದಲ್ಲಿ ಇ ಘಾತಕ್ಕೆ ಮೊದಲು ಬರುವ ಭಾಗ) ಸಿಗುವುದಿಲ್ಲ, ಘಾತ ಮಾತ್ರ. ಎನ್ ಐವತ್ತಕ್ಕಿಂತ ಕಡಿಮೆ ಇದ್ದರೆ ಇದರ ಗೊಡವೆಗೆ ಹೋಗಬೇಡಿ.

ಒಂದು ಚರಕ್ಕೆ ಕೈಲೆಕ್ಕ ಸಾಕು. ಎರಡಕ್ಕೆ ಶೂಟಿಂಗ್ ವಿಧಾನ (ಒಂದು ತುದಿಯಿಂದ ಗುರಿಯಿಟ್ಟು ದಾರಿ ಬಿಡುವುದು) ಹಿಡಿದರೆ ಶುರುವಿನ ಬಿಂದುವಿನಲ್ಲಿ ಎಂಟನೇ ದಶಮಾಂಶ ಅಲುಗಿದರೂ ದಾರಿ ಬೇರೆಲ್ಲೋ ಹೋಗುತ್ತದೆ. ಅದರ ಬದಲು 2008ರ ಹೇಮನ್ ಮತ್ತು ವಾಂಡನ್-ಐಂಡನ್ ಅವರ ಜಿಯೊಮೆಟ್ರಿಕ್ ಮಿನಿಮಮ್ ಆ್ಯಕ್ಷನ್ ವಿಧಾನ ಒಳ್ಳೆಯದು: ದಾರಿಯ ಮೇಲೆ 100ರಿಂದ 200 ಬಿಂದು ಇಟ್ಟು, ಇಡೀ ದಾರಿಯನ್ನೇ ಹಗ್ಗದಂತೆ ಜರುಗಿಸುತ್ತಾ ಹೋಗುವುದು. ಮೂರು ನಾಲ್ಕು ಬೇರೆ ಬೇರೆ ಶುರುವಿನ ದಾರಿಯಿಂದ ಓಡಿಸಿ, ಕಡಿಮೆ ಆ್ಯಕ್ಷನ್ ಕೊಟ್ಟದ್ದನ್ನು ಇಟ್ಟುಕೊಳ್ಳಿ. ಬಿಂದು ಎರಡು ಪಟ್ಟು ಮಾಡಿದಾಗ ಆ್ಯಕ್ಷನ್ ಎಷ್ಟು ಬದಲಾಯಿತು ನೋಡಿ. 0.001 ತಪ್ಪಿದರೂ ಎನ್ 400ಕ್ಕೆ ಉತ್ತರ ಒಂದೂವರೆ ಪಟ್ಟು ಬದಲಾಗುತ್ತದೆ.

ಇಷ್ಟು ಕಷ್ಟಪಟ್ಟದ್ದಕ್ಕೆ ಸಿಗುವುದೇನು? ಒಮ್ಮೆ ದಾರಿ ಸಿಕ್ಕರೆ, ಯಾವ ದರವನ್ನು ಸ್ವಲ್ಪ ಬದಲಿಸಿದರೆ ಘಾತ ಎಷ್ಟು ಬದಲಾಗುತ್ತದೆ ಎಂಬುದು ಅದೇ ದಾರಿಯ ಮೇಲಿನ ಒಂದು ಇಂಟೆಗ್ರಲ್. ಐವತ್ತು ಯೋಜನೆಗೆ ಐವತ್ತು ಸಿಮ್ಯುಲೇಷನ್ ಬೇಡ, ಒಂದು ದಾರಿ ಸಾಕು.

ಲೆಕ್ಕ ಹಾಕಿ ನೋಡಿ. 200 ಕುರಿಯ ಹಿಂಡಿನಲ್ಲಿ ಒತ್ತೊತ್ತಾಗಿ ಕೂಡಿಹಾಕುವುದನ್ನು ಕಡಿಮೆ ಮಾಡಿ ಆರ್ ಅನ್ನು 1.5ರಿಂದ 1.4ಕ್ಕೆ ಇಳಿಸಿದಿರಿ, ಶೇ 7ರಷ್ಟೂ ಅಲ್ಲ. ಘಾತ ಮಾತ್ರ ನೋಡಿದರೆ ಅಳಿವಿನ ಕಾಲ 72 ಪಟ್ಟು ಕಡಿಮೆ. ಮುಂದಿನ ಗುಣಕ ಸೇರಿಸಿದ ಮೇಲೆ 49 ಪಟ್ಟು. ಡಬ್ಲ್ಯುಕೆಬಿಯ ಒರಟುತನ ಎಷ್ಟು ಎಂಬುದಕ್ಕೂ ಇದೇ ಅಳತೆ: ಅಂಕಿ ತಪ್ಪು, ದಿಕ್ಕು ಸರಿ.

ಇನ್ನು ಹಣ ಕಡಿಮೆ ಇರುವವರ ಪ್ರಶ್ನೆ. ವರ್ಷಪೂರ್ತಿ ಬಿಗಿ ಮಾಡಲಾಗದಿದ್ದರೆ ಯಾವಾಗ ಬಿಗಿ ಮಾಡಬೇಕು? ನಮ್ಮ ಮಾದರಿಯಲ್ಲಿ ಆ ಇಂಟೆಗ್ರಲ್ ಹೇಳುವುದು ಅಚ್ಚರಿಯ ಮಾತು: ರೋಗಿಗಳ ಸಂಖ್ಯೆಯ ಪ್ರತಿ ಮೆಟ್ಟಿಲೂ ಘಾತಕ್ಕೆ ಸಮನಾಗಿ ಕೊಡುತ್ತದೆ. ಆದರೆ ಹಿಂಡು ಎಲ್ಲ ಮೆಟ್ಟಿಲಲ್ಲಿ ಸಮನಾಗಿ ನಿಲ್ಲುವುದಿಲ್ಲ. ಬಹುತೇಕ ಕಾಲ 67ರ ಆಸುಪಾಸಿನಲ್ಲೇ. ಆದ್ದರಿಂದ ರೋಗಿಗಳು ತಾವಾಗಿ 33ಕ್ಕೋ ಅದಕ್ಕಿಂತ ಕೆಳಗೋ ಇಳಿದಾಗ ಮಾತ್ರ ಆರ್ ಅನ್ನು 1.4ಕ್ಕೆ ಬಿಗಿ ಮಾಡಿದರೆ ಅಳಿವಿನ ಕಾಲ ಸುಮಾರು 8 ಪಟ್ಟು ಕಡಿಮೆಯಾಗುತ್ತದೆ, ಬಿಗಿ ಮಾಡಬೇಕಾದ ಸಮಯ ನೂರರಲ್ಲಿ ಒಂದು ಪಾಲಿನಷ್ಟು. 49 ಪಟ್ಟಿನ ಲಾಭಕ್ಕೆ ಪೂರ್ತಿ ವರ್ಷದ ಖರ್ಚು, 8 ಪಟ್ಟಿಗೆ ಅದರ ನೂರನೇ ಒಂದಂಶ. ರೂಢಿಯಲ್ಲಿ ಆಗುವುದು ತದ್ವಿರುದ್ಧ: ರೋಗ ಏರಿದಾಗ ಓಡಾಟ, ಇಳಿದಾಗ ‘ಕಮ್ಮಿ ಆಯ್ತು ಬಿಡ್ರಿ’ ಎಂದು ಸುಮ್ಮನಾಗುವುದು. ಇದಕ್ಕೆ ಬೆಲೆಯೂ ಇದೆ: 33ಕ್ಕೆ ಇಳಿದದ್ದು ಗೊತ್ತಾಗಬೇಕಾದರೆ ಕುರಿಗಳ ಗೊರಸನ್ನು ಹತ್ತು ದಿನಕ್ಕೊಮ್ಮೆಯಾದರೂ ಎತ್ತಿ ನೋಡಬೇಕು. ಎಣಿಸುವ ಕೂಲಿ ಬಿಗಿ ಮಾಡುವ ಖರ್ಚಿಗಿಂತ ಹೆಚ್ಚಾದರೆ ಲೆಕ್ಕ ತಲೆಕೆಳಗು. ಸಂತೆಯಿಂದ ಹೊಸ ಕುರಿ ತಂದು ಸೇರಿಸುತ್ತಿದ್ದರಂತೂ ಅಳಿವು ಉಳಿಯುವುದಿಲ್ಲ, ಮೊದಲು ಆ ಬಾಗಿಲು ಮುಚ್ಚಬೇಕು.

ಎಣಿಸಲಾಗದವರಿಗೆ ಕಾಲಪಟ್ಟಿಯ ದಾರಿ. ಲಸಿಕೆ ಸೀಮಿತವಾಗಿದ್ದು, ಸರಾಸರಿ ಪ್ರಮಾಣ ನಿಗದಿಯಾಗಿದ್ದರೆ ದಿನವೂ ಸ್ವಲ್ಪ ಸ್ವಲ್ಪ ಹಾಕುವುದಕ್ಕಿಂತ ಚಿಕ್ಕ ಚಿಕ್ಕ ಅಲೆಗಳಾಗಿ ಒಟ್ಟಿಗೆ ಹಾಕುವುದು ಮೇಲು ಎಂದು ಖಾಸಿನ್, ಡಿಕ್‌ಮನ್, ಮೀರ್ಸನ್ 2010ರಲ್ಲಿ ತೋರಿಸಿದರು. ಅಲೆಯ ಅಂತರ ರೋಗದ ಸಹಜ ಆವರ್ತನಕ್ಕೆ ಹೊಂದಿದರೆ ಪರಿಣಾಮ ಇನ್ನೂ ಹೆಚ್ಚು. ಅವರದೇ ಎಚ್ಚರಿಕೆ ನಮ್ಮ ಕಡೆಗೆ ಹೆಚ್ಚು ಮುಖ್ಯ: ರೋಗವೇ ಋತುವಿನ ಜತೆ ಏರಿಳಿಯುತ್ತಿದ್ದರೆ ಅಲೆ ಋತುವಿಗೆ ಹೊಂದಬೇಕು, ತಪ್ಪಿದ ಹೊತ್ತಿನಲ್ಲಿ ಹಾಕಿದ ಲಸಿಕೆ ಉಲ್ಟಾ ಹೊಡೆಯಲೂಬಹುದು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಕಪ್ಪುನೆಲ ಕೆಸರಾಗಿ, ಬೇಸಿಗೆಯಲ್ಲಿ ಬಿರುಕು ಬಿಡುವ ಊರಿನಲ್ಲಿ ಋತುವಿಲ್ಲದ ಮಾದರಿಯಿಂದ ತಿಂಗಳು ಆರಿಸಬೇಡಿ. ಋತುವನ್ನು ಸೇರಿಸಿದರೆ ಕಾಲವೂ ಒಂದು ಚರವಾಗುತ್ತದೆ. ಡಬ್ಲ್ಯುಕೆಬಿ ದಾರಿಯನ್ನು ಹಲವು ಶುರುವಿನ ತಿಂಗಳಿಂದ ಹುಡುಕಬೇಕು. ಸ್ಪ್ಲಿಟಿಂಗ್‌ನಲ್ಲಿ ಪ್ರತಿ ಸ್ಥಿತಿಯ ಜತೆ ದಿನಾಂಕವನ್ನೂ ಕಾಪಾಡಬೇಕು. ದಿನಾಂಕ ಮರೆತ ಕೋಡ್ ಆಷಾಢದಲ್ಲಿ ನಿಲ್ಲಿಸಿದ ಹಿಂಡನ್ನು ಯುಗಾದಿಯಿಂದ ಮತ್ತೆ ಓಡಿಸುತ್ತದೆ.

ಯಾರಿಗೆ ಯಾವುದು

ಎಂಎಸ್ಸಿ ಪ್ರಾಜೆಕ್ಟ್, ನಾಲ್ಕು ತಿಂಗಳು, ಒಂದೆರಡು ಚರ: ಮಾಸ್ಟರ್ ಸಮೀಕರಣ ಬಿಡಿಸಿ, ಪಕ್ಕದಲ್ಲಿ ಚಿಕ್ಕ ಎನ್‌ಗೆ ಗಿಲೆಸ್ಪಿ ಓಡಿಸಿ ಹೋಲಿಸಿ. ಅದಕ್ಕಿಂತ ಭಾರದ್ದು ಬೇಡ. ನಾಲ್ಕೈದು ಚರದ ಜೀನ್ ಜಾಲ, ಬೇಕಾದದ್ದು ದರ: ಸ್ಪ್ಲಿಟಿಂಗ್, ನಾಲ್ಕು ಕೋರ್, ಐದು ಸೀಡ್. ಪಶುವೈದ್ಯಕೀಯ ಪ್ರಶ್ನೆ, ಯಾವ ಮಧ್ಯಪ್ರವೇಶ ಮೇಲು ಎಂದು ಹೇಳಬೇಕು, ಹಿಂಡು ನೂರಕ್ಕೆ ಮೇಲೆ: ಡಬ್ಲ್ಯುಕೆಬಿಯಿಂದ ಐವತ್ತನ್ನು ಮೂರಕ್ಕೆ ಇಳಿಸಿ, ಆ ಮೂರಕ್ಕೆ ಮಾತ್ರ ಸ್ಪ್ಲಿಟಿಂಗ್‌ನಿಂದ ಅಂಕಿ ತೆಗೆಯಿರಿ. ಹಿಂಡು ಐವತ್ತರೊಳಗೆ ಇದ್ದರೆ ಆರ್ 1.5ರ ಹತ್ತಿರ ನೇರ ಸಿಮ್ಯುಲೇಷನ್ನೇ ಸಾಕು, ಅಲ್ಲಿ ಅಳಿವು ಅಪರೂಪವೇ ಅಲ್ಲ. ಇಂಪಾರ್ಟೆನ್ಸ್ ಸ್ಯಾಂಪ್ಲಿಂಗ್ ಹಿಡಿಯುವುದು ಡಬ್ಲ್ಯುಕೆಬಿ ದಾರಿ ಕೈಯಲ್ಲಿದ್ದು, ನಿಖರತೆ ಶೇ 5ಕ್ಕಿಂತ ಬಿಗಿ ಬೇಕಾದಾಗ ಮಾತ್ರ. ದಾರಿ ಗೊತ್ತಿಲ್ಲದೆ ದಾಳ ವಾಲಿಸುವವರಿಗೆ ಅದು ಯಾವ ಕಡೆ ವಾಲಿದೆ ಎಂಬುದೂ ಗೊತ್ತಿರುವುದಿಲ್ಲ.